ಅಂಚು ಸವೆದ ಪದಕ

ಕಳೆದ ತಿಂಗಳು ದೇವನಹಳ್ಳಿ ಕಡೆಯ ಜಿಲ್ಲಾ ಕಚೇರಿಗಳ ಕಟ್ಟಡಕ್ಕೆ ಹೋಗಬೇಕಾಗಿ ಬಂತು. ನೆಲಮಂಗಲದ ಮಾಜಿ ಸೈನಿಕರೊಬ್ಬರು ತೀರಿಕೊಂಡಿದ್ದರು. ಅವರ ಪತ್ನಿಗೆ ಒಂದು ಅರ್ಜಿ ತುಂಬಿಸಿಕೊಡುವುದಿತ್ತು. ಬೆಳಗಿನಿಂದ ಜಡಿಮಳೆ. ಸೈನಿಕ ಕಲ್ಯಾಣ ವಿಭಾಗದ ಹೊಸ್ತಿಲು ದಾಟಿದೊಡನೆ ನೆನೆದ ಕೊಡೆಗಳ, ಹಳೆಯ ಕಡತಗಳ ಮತ್ತು ಆಗತಾನೆ ಕರಗಿಸಿದ ಅರಗಿನ ವಾಸನೆ ಒಟ್ಟಾಗಿ ಮೂಗಿಗೆ ಬಡಿಯಿತು. ಎರಡು ವರ್ಷಗಳ ಹಿಂದಿನ ಮುಂಗಾರು ಇಡಿಯಾಗಿ ಕಣ್ಣ ಮುಂದೆ ಬಂದು ನಿಂತಿತು. ಆ ಮಳೆಗಾಲದಲ್ಲಿ ನಾನು ಇದೇ ಹೊಸ್ತಿಲನ್ನು ಆರು ಸಲ ದಾಟಿದ್ದೆ.

ನಾನು ದೊಡ್ಡಬಳ್ಳಾಪುರದ ನೇಕಾರರ ಮನೆತನದವನು. ಹರೆಯದಲ್ಲಿ ಸೇನೆ ಸೇರಿ, ನೆಲಬಾಂಬುಗಳನ್ನು ಹುಡುಕಿ ತೆಗೆಯುವ ತುಕಡಿಯಲ್ಲಿದ್ದೆ. ಎಪ್ಪತ್ತೊಂದರ ಯುದ್ಧದಲ್ಲಿ ಎಡಪಾದದ ಅರ್ಧವನ್ನು ಕಳೆದುಕೊಂಡು ಊರಿಗೆ ಮರಳಿದೆ. ಮಗ್ಗದ ಮುಂದೆ ಹೊತ್ತುಗಟ್ಟಲೆ ನಿಲ್ಲಲಾಗದೆ, ನೇಕಾರರ ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಭೆಗಳ ನಡಾವಳಿ ಬರೆದೆ. ಯಾರು ಯಾವಾಗ ಏನೆಂದರು ಎಂಬುದನ್ನು ಮಾತು ಬದಲಿಸದೆ ಬರೆದಿಡುವುದು ನನ್ನ ಕೆಲಸವಾಗಿತ್ತು. ಕೆಲಸ ಬಿಟ್ಟ ಮೇಲೂ ಅಭ್ಯಾಸ ಬಿಡಲಿಲ್ಲ. ಈ ಬರಹದಲ್ಲಿ ಕೆಲವರ ಮೇಲಿನ ನನ್ನ ಸಿಟ್ಟು ಕಂಡೀತು. ಅದು ಇರುವುದು ನಿಜವಾದ್ದರಿಂದ ಮರೆಮಾಚುವುದಿಲ್ಲ. ಆದರೆ ಲೇಖನಿ ಹಿಡಿದದ್ದು ನನ್ನ ಕೈಹಿಡಿದ ಮೂವರಿಗಾಗಿ.

ಆ ವರ್ಷ ಆಷಾಢದಲ್ಲಿ ನಮ್ಮ ತಾಲ್ಲೂಕಿನ ಕೆಲವರು ಸೇರಿ ಒಂದು ಸಮಿತಿ ಮಾಡಿಕೊಂಡರು. ಶೌರ್ಯ ಪದಕ ಪಡೆದ ಸೈನಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ, ಒಂದು ಸರ್ಕಾರಿ ಶಾಲೆಯ ಅಂಗಳದಲ್ಲಿ ನಿಲ್ಲಿಸುವುದು ಅವರ ಉದ್ದೇಶ. ನಾನು ಅಕ್ಷರ ಕಲಿತದ್ದು ಅದೇ ಶಾಲೆಯಲ್ಲಿ. ಭಾದ್ರಪದ ಮುಗಿಯುವುದರೊಳಗೆ ಪುರಾವೆಯೊಂದಿಗೆ ಹೆಸರು ಕೊಡಬೇಕು, ಆಮೇಲೆ ಕಲ್ಲುಕುಟಿಗರಿಗೆ ಪಟ್ಟಿ ಹೋಗುತ್ತದೆ ಎಂದು ಪ್ರಕಟಿಸಿದರು. ಪದಕದ ಹೆಸರಿನಲ್ಲಿ ನಾನು ಅದುವರೆಗೆ ಯಾರ ಬಳಿಯೂ ಏನನ್ನೂ ಕೇಳಿದವನಲ್ಲ. ಈ ಒಂದು ಕಲ್ಲಿನ ಮೇಲೆ ಮಾತ್ರ ನನ್ನ ಹೆಸರಿರಲಿ ಎಂಬ ಆಸೆ ಹುಟ್ಟಿತು. ಆಸೆ ನನಗಿಂತ ನನ್ನ ಹೆಂಡತಿ ಲಲಿತಮ್ಮನಿಗೆ ಹೆಚ್ಚಾಗಿತ್ತು.

ಸನ್ಮಾನಗಳ ರುಚಿ ನನಗೆ ಮೊದಲೇ ಗೊತ್ತಿತ್ತು. ಹಿಂದೊಮ್ಮೆ ಒಂದು ಸಂಸ್ಥೆಯವರು ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಪೇಟ ಇಟ್ಟು, ಒಂದು ಫಲಕ ಕೈಗಿತ್ತರು. ಕೆಳಗಿಳಿದು ನೋಡಿದರೆ ಫಲಕದ ಮೇಲೆ ಬೇರೊಬ್ಬರ ಹೆಸರು. ಕೇಳಿದ್ದಕ್ಕೆ ಬಂದ ಉತ್ತರ: "ಅವ್ರು ಬರ್ಲಿಲ್ಲ ಸಾರ್, ನೀವು ಅಡ್ಜಸ್ಟ್ ಮಾಡ್ಕೊಳ್ಳಿ." ಫೋಟೊ ತೆಗೆದಾದ ಮೇಲೆ ಪೇಟವನ್ನು ನನ್ನ ತಲೆಯಿಂದಲೇ ಎತ್ತಿ ಮುಂದಿನವರ ತಲೆಗೆ ಇಟ್ಟರು. ಆ ಫಲಕ ನನ್ನ ಬಳಿ ಇನ್ನೂ ಇದೆ. ಎಸೆದರೆ ಅವರ ಅಪರಾಧಕ್ಕೆ ಸಾಕ್ಷಿಯಿಲ್ಲದಂತಾಗುತ್ತದೆ ಎಂದು ಇಟ್ಟುಕೊಂಡಿದ್ದೇನೆ.

ಒಂದು ಮಂಗಳವಾರ ಬೆಳಿಗ್ಗೆ ಪದಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಸಮಿತಿಯ ಕಾರ್ಯದರ್ಶಿಯವರ ಬಳಿ ಹೋದೆ. ಸೈಟುಗಳ ವ್ಯವಹಾರ ಮಾಡುವ, ನನಗಿಂತ ಮೂವತ್ತು ವರ್ಷ ಚಿಕ್ಕವರಾದ ಮನುಷ್ಯ. ನಿಂತವನಿಗೆ ಕೂರಿ ಎನ್ನಲಿಲ್ಲ. ಪದಕವನ್ನು ಎರಡು ಬೆರಳಲ್ಲಿ ಹಿಡಿದು, ನಾಣ್ಯದಂತೆ ತಿರುಗಿಸಿ ಅಂಚನ್ನು ನೋಡಿದರು.

"ಯಜಮಾನ್ರೇ, ಅಂಚಲ್ಲಿ ಹೆಸ್ರು, ನಂಬರು ಇರ್ಬೇಕಲ್ವಾ? ಇದು ಬೋಳಾಗೈತೆ."

ನಾನು ಇಸಿದುಕೊಂಡು ನೋಡಿದೆ. ಸತ್ಯವಾಗಿತ್ತು. ಮುಂಭಾಗದ ಬಯನೆಟ್ಟಿನ ಚಿತ್ರವೂ ಮಸುಕಾಗಿತ್ತು. ಅಂಚು ಬಳೆಯ ಹಾಗೆ ನುಣುಪಾಗಿತ್ತು.

"ಸರ್ಟಿಫಿಕೇಟ್ ಕೊಡಿ, ಸಾಕು."

"ಅದು ಮಗ್ಗದ ಮನೆಯ ಗೋಡೆಯಲ್ಲಿತ್ತು. ಗೆದ್ದಲು ತಿಂತು."

"ಡಿಸ್ಚಾರ್ಜ್ ಪುಸ್ತಕದಲ್ಲಿ ಬರೆದಿರ್ತಾರಲ್ಲ?"

"ಗಾಯ ಆಗಿ ನನ್ನನ್ನ ಬಿಡುಗಡೆ ಮಾಡಿದ್ಮೇಲೆ ಪದಕ ಬಂದಿದ್ದು. ಪುಸ್ತಕ ಅದಕ್ಕೂ ಮುಂಚೆ ಬರೆದಿದ್ದು."

ಅವರು ಪಕ್ಕದಲ್ಲಿದ್ದವರ ಕಡೆ ನೋಡಿ ನಕ್ಕರು. "ಎಲ್ಲಾನೂ ಸರಿಯಾಗಿ ಮಾಯ ಆಗೈತೆ ನೋಡಿ. ಬೆಂಗ್ಳೂರಲ್ಲಿ ಹಳೇ ಸಾಮಾನು ಮಾರೋ ಕಡೆ ಇಂಥವು ಗುಡ್ಡೆ ಹಾಕಿರ್ತಾರಂತೆ. ನಿಮ್ಮನ್ನ ಅಂತಲ್ಲ, ಸುಮ್ನೆ ಹೇಳ್ದೆ."

ಆ 'ಸುಮ್ನೆ ಹೇಳ್ದೆ' ಎಂಬ ಮಾತನ್ನು ಮನೆಗೆ ಬಂದು ದಿನಚರಿಯಲ್ಲಿ ಬರೆದುಕೊಂಡೆ, ಹೊತ್ತಿನ ಸಮೇತ.

ಲಲಿತಮ್ಮ ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ನಡೆದದ್ದನ್ನು ಹೇಳಿದೆ.

"ಅಂಚಲ್ಲಿ ಏನಿತ್ತು ರೀ?"

"ನನ್ನ ಹೆಸರು, ನನ್ನ ಸಂಖ್ಯೆ. ಇಂಗ್ಲಿಷಲ್ಲಿ."

"ಕಪ್ಪಗೆ, ಸಣ್ಣ ಗೀರುಗಳ ಹಾಗೆ?"

"ಹೂಂ."

ಅವಳು ಹೊಸ್ತಿಲ ಮೇಲೆಯೇ ಕುಳಿತಳು. "ಅದನ್ನ ಕೊಳೆ ಅಂದ್ಕೊಂಡಿದ್ನಲ್ರೀ."

ಇದನ್ನು ಸ್ವಲ್ಪ ವಿವರಿಸಬೇಕು. ಪದಕ ಮನೆಗೆ ಬಂದ ವರ್ಷ ನನ್ನ ತಾಯಿ ಅದನ್ನು ಆಯುಧಪೂಜೆಯ ದಿನ ಲಾಳಿಯ ಪಕ್ಕದಲ್ಲಿ, ಮಗ್ಗದ ಮೇಲೆ ಇಟ್ಟು ಅರಿಶಿನ ಕುಂಕುಮ ಹಚ್ಚಿದರು. ನೇಕಾರರ ಮನೆಯಲ್ಲಿ ಕೈಗೆ ಅನ್ನ ಕೊಡುವ ವಸ್ತುವನ್ನೆಲ್ಲ ಅಂದು ತೊಳೆದು ಪೂಜಿಸುತ್ತೇವೆ, ಪದಕವೂ ಅದರಲ್ಲೊಂದಾಯಿತು. ತಾಯಿ ತೀರಿದ ಮೇಲೆ ಲಲಿತಮ್ಮ ಅದನ್ನು ದೇವರ ಗೂಡಿಗೆ ತಂದಳು. ವರ್ಷಕ್ಕೊಂದು ಪೂಜೆ ಪ್ರತಿ ಶುಕ್ರವಾರದ ಪೂಜೆಯಾಯಿತು. ಪೂಜೆಗೆ ಮುಂಚೆ ದೀಪದ ಕಂಬ, ಪಂಚಪಾತ್ರೆ, ಉದ್ಧರಣೆಗಳ ಜೊತೆಗೆ ಪದಕವನ್ನೂ ಹುಣಸೆಹಣ್ಣು, ಒಲೆಯ ಬೂದಿ ಹಾಕಿ ತಿಕ್ಕುವುದು. ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಬೂದಿಯ ಜಾಗಕ್ಕೆ ಪಾತ್ರೆ ತೊಳೆಯುವ ಪುಡಿ. ಅಕ್ಷರಗಳ ಗೀರಿನಲ್ಲಿ ಕಪ್ಪು ಕೂತಷ್ಟೂ ಅವಳು ಒತ್ತಿ ತಿಕ್ಕಿದಳು. ಮೆತ್ತನೆಯ ಬೆಳ್ಳಿ. ನಾಲ್ಕು ದಶಕಗಳ ಶುಕ್ರವಾರಗಳು. ನನಗೆ ನಿತ್ಯ ಕಾಣುವ ಜಾಗದಲ್ಲೇ ಅದು ಸವೆಯುತ್ತಿತ್ತು. ಊರಿನವರ ಮಾತಿನ ಲೋಪಗಳನ್ನೆಲ್ಲ ಗುರುತಿಟ್ಟುಕೊಳ್ಳುವ ನಾನು ಅದನ್ನು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ.

ಆ ವಾರ ಪದಕ ಗೂಡಿನಿಂದ ಹೊರಗೆ ಬರಲಿಲ್ಲ. ಲಲಿತಮ್ಮ ದೀಪ ಹಚ್ಚಿದಳು, ಹೂವಿಟ್ಟಳು, ಅದರತ್ತ ನೋಡಲಿಲ್ಲ. ಊಟ ಅರ್ಧಕ್ಕೆ ಬಿಡತೊಡಗಿದಳು. "ನಿಮ್ಮ ಹೆಸರನ್ನ ನನ್ನ ಕೈಯಾರೆ ಅಳಿಸ್ಬಿಟ್ಟೆ" ಎಂದು ಒಮ್ಮೆ ಹೇಳಿದಳು; ಆಮೇಲೆ ಹೇಳಲಿಲ್ಲ, ಆದರೆ ಅದೇ ಯೋಚನೆಯಲ್ಲಿ ಇರುತ್ತಿದ್ದಳು. ಕಲ್ಲಿನ ಮೇಲೆ ಹೆಸರು ಬರದಿದ್ದರೆ ನಾನು ಇನ್ನೊಂದು ಅವಮಾನವನ್ನು ಬರೆದಿಟ್ಟುಕೊಂಡು ಸುಮ್ಮನಾಗುತ್ತಿದ್ದೆ. ಅವಳು ಸುಮ್ಮನಾಗುವವಳಲ್ಲ ಎಂಬುದು ನನಗೆ ತಿಳಿಯಿತು. ಉಳಿದ ಆಯುಷ್ಯವೆಲ್ಲ ಆ ಕಲ್ಲು ಅವಳ ಎದೆಯ ಮೇಲಿರುತ್ತಿತ್ತು. ಆ ದಿನದಿಂದ ನಾನು ಓಡಾಡಿದ್ದು ನನ್ನ ಹೆಸರಿಗಾಗಿ ಅಲ್ಲ.

ಶ್ರಾವಣದ ಮೊದಲ ವಾರ ಸತತ ಮಳೆಗೆ ಕರೆಂಟು ಹೋಗಿ ನಮ್ಮ ಬೀದಿಯ ವಿದ್ಯುತ್ ಮಗ್ಗಗಳೆಲ್ಲ ನಿಂತವು. ದಿನವಿಡೀ ಖಟಖಟ ಕೇಳಿಯೇ ಬದುಕುವ ನಮಗೆ ಆ ನಿಶ್ಶಬ್ದದಲ್ಲಿ ಕಿವಿ ನೋಯುತ್ತದೆ. ಕೆಲಸವಿಲ್ಲದೆ ನಮ್ಮ ಪಕ್ಕದ ಮನೆಯ ಹನುಮಂತರಾಯಪ್ಪ ಜಗಲಿಗೆ ಬಂದು ಕುಳಿತ. ನಾಲ್ಕು ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುವವನು.

"ಏನಣ್ಣ, ಅತ್ತಿಗೆ ಮುಖ ನೋಡೋಕಾಗ್ತಿಲ್ಲ. ಬೈದ್ಯಾ?"

ಹೇಳಿದೆ. ಅವನು ಪದಕ ತರಿಸಿಕೊಂಡು, ಜೇಬಿನಿಂದ ಎಳೆ ಎಣಿಸಲು ಬಳಸುವ, ಮಡಿಚಿಡುವ ಭೂತಗನ್ನಡಿ ತೆಗೆದ. ಒಂದು ಅಂಗುಲ ಬಟ್ಟೆಯಲ್ಲಿ ಎಷ್ಟು ಎಳೆಗಳಿವೆ ಎಂದು ನೋಡಲು ನಮ್ಮವರು ಸದಾ ಇಟ್ಟುಕೊಂಡಿರುವ ಸಾಧನ. ಬೆಳಕಿಗೆ ತಿರುಗಿ, ಪದಕದ ಅಂಚನ್ನು ಬೆರಳಗಲ ಬೆರಳಗಲ ಸರಿಸುತ್ತ ನೋಡಿದ. ಪದಕವನ್ನು ಪಟ್ಟಿಗೆ ತೂಗುಹಾಕುವ ಕೊಂಡಿ ಸೇರುವ ಜಾಗದಲ್ಲಿ ನಿಂತ.

"ಅತ್ತಿಗೆ, ಬನ್ನಿ ಇಲ್ಲಿ. ಈ ಸಂದಿಗೆ ನಿಮ್ಮ ಬೆರಳು ಹೋಗಿಲ್ಲ."

"ಅಲ್ಲಿ ಹೋಗಲ್ಲಪ್ಪ, ಕೊಂಡಿ ಅಡ್ಡ ಬರುತ್ತೆ."

"ಕುಂಕುಮ ಹೋಗೈತೆ. ಗಟ್ಟಿಯಾಗಿ ಕೂತೈತೆ, ಗೋಂದಿನ ಹಾಗೆ."

ಕೊಬ್ಬರಿ ಎಣ್ಣೆ ಕೇಳಿ ಎರಡು ಹನಿ ಬಿಟ್ಟ. ಅರ್ಧ ಗಂಟೆ ನೆನೆಯಲು ಬಿಟ್ಟು, ಒಂದು ರೇಷ್ಮೆ ಎಳೆಯನ್ನು ಸಂದಿಗೆ ತೂರಿಸಿ, ಎರಡು ತುದಿ ಹಿಡಿದು ಹಿಂದೆ ಮುಂದೆ ಎಳೆದ. ಸೂಜಿ ತೆಗೆದುಕೊಡಲೇ ಎಂದೆ. "ಸೂಜಿ ಕೆರೆಯುತ್ತೆ ಕಣಣ್ಣ. ಕೆರೆದಿದ್ದು ಸಾಕು" ಎಂದ; ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಲಲಿತಮ್ಮ, ಎಷ್ಟೋ ದಿನಗಳ ಮೇಲೆ, ನಕ್ಕಳು. ಎಳೆ ಕೆಂಪಾಗಿ ಕೆಂಪಾಗಿ ಬಂತು. ಕುಂಕುಮದಡಿ ಮೂರು ಅಂಕಿಗಳು ಉಳಿದಿದ್ದವು. ಅವನು ಒಂದೊಂದನ್ನೇ ಓದಿದ. ನಾನು ಬಿಡುಗಡೆ ಪುಸ್ತಕ ತೆರೆದು ನನ್ನ ಸೇನಾ ಸಂಖ್ಯೆಯ ಕೊನೆಯ ಮೂರು ಅಂಕಿಗಳ ಮೇಲೆ ಬೆರಳಿಟ್ಟೆ. ತಾಳೆಯಾಯಿತು.

"ಅಳಿಸಿದ್ದೂ ಅತ್ತಿಗೇನೇ, ಉಳಿಸಿದ್ದೂ ಅತ್ತಿಗೇನೇ. ಕೇಸು ವಜಾ" ಎಂದ ಹನುಮಂತರಾಯಪ್ಪ. ಆ ರಾತ್ರಿ ಲಲಿತಮ್ಮ ಎರಡು ಮುದ್ದೆ ಉಂಡಳು.

ಮರುದಿನವೇ ಕಾರ್ಯದರ್ಶಿಯವರಿಗೆ ತೋರಿಸಿದೆ. ಅವರು ಭೂತಗನ್ನಡಿಗೆ ಕಣ್ಣು ಹಚ್ಚುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. "ಮೂರೇ ಅಂಕಿ ಅಲ್ವಾ ಯಜಮಾನ್ರೇ, ಲಾಟ್ರೀಲೂ ಮೂರು ಅಂಕಿ ಸೇರ್ತವೆ. ಸರ್ಕಾರದ್ದೊಂದು ಕಾಗದ ತನ್ನಿ, ಆಮೇಲೆ ನೋಡಣ" ಎಂದರು. ಇದೂ ದಿನಚರಿಯಲ್ಲಿದೆ.

ಹಾಗೆ ನಾನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಹೊಸ್ತಿಲು ದಾಟಿದೆ. ಒಳಗೆ ಮೇಜಿನ ಹಿಂದೆ ಶೈಲಜಾ ಎಂಬ ಗುಮಾಸ್ತೆ ಇದ್ದರು. ಮೂವತ್ತು ದಾಟಿರಲಾರದು. ನನ್ನ ನಡಿಗೆ ನೋಡಿ ಎದ್ದು ಬಂದು ಕುರ್ಚಿ ಎಳೆದರು, ನೀರು ಕೊಟ್ಟರು, ನನ್ನ ಕೊಡೆಯನ್ನು ತಾವೇ ಮೂಲೆಗಿಟ್ಟರು. ಅಷ್ಟಾದ ಮೇಲೆ, "ಈಗ ಹೇಳಿ ಸರ್, ಮೊದಲಿಂದ" ಎಂದರು. ಮೊದಲಿಂದ ಹೇಳಿ ಎಂದು ನನಗೆ ಯಾವ ಕಚೇರಿಯಲ್ಲೂ ಯಾರೂ ಹೇಳಿರಲಿಲ್ಲ.

ಪೂರ್ತಿ ಕೇಳಿ, ಒಂದು ಬಿಳಿ ಹಾಳೆಯಲ್ಲಿ ಬರೆಯುತ್ತ ಹೋದರು. "ಪದಕ ಕೊಟ್ಟಿದ್ದು ಕೇಂದ್ರ ಸರ್ಕಾರದ ಗೆಜೆಟ್‌ನಲ್ಲಿ ಅಚ್ಚಾಗಿರುತ್ತೆ ಸರ್. ನಿಮ್ಮ ರೆಜಿಮೆಂಟಿನ ದಾಖಲೆ ಕಚೇರೀಲೂ ಇರುತ್ತೆ, ಯಾಕೆ ಕೊಟ್ರು ಅನ್ನೋ ವಿವರದ ಸಮೇತ. ನೀವು ನೇರವಾಗಿ ಬರೆದ್ರೆ ತಡ ಆಗ್ಬೋದು. ನಮ್ಮ ಅಧಿಕಾರಿಗಳ ಸಹಿ ಹಾಕಿಸಿ ಇಲ್ಲಿಂದ ಕಳಿಸೋಣ. ಆದ್ರೆ ಅವ್ರು ಸಹಿ ಹಾಕೋಕೆ ಏನಾದ್ರೂ ಆಧಾರ ಬೇಕು."

ನಾನು ಹನುಮಂತರಾಯಪ್ಪನ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟೆ. ಆಕೆ ಅದರ ಮೇಲೆ ಫೋನಿನ ಕ್ಯಾಮೆರಾ ಇಟ್ಟು, ಉಸಿರು ಬಿಗಿಹಿಡಿದು ಮೂರು ಅಂಕಿಗಳ ಫೋಟೊ ತೆಗೆದರು. ಅಧಿಕಾರಿ ಸ್ವತಃ ನಿವೃತ್ತ ಸೇನಾಧಿಕಾರಿ. ಫೋಟೊ ನೋಡಿದರು, ಪದಕ ನೋಡಿದರು, ಕುರ್ಚಿಯಿಂದ ಎದ್ದು ನಿಂತು ಸಹಿ ಹಾಕಿದರು. ನಿಂತು ಸಹಿ ಹಾಕುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ನಿಮ್ಮ ತಂದೆಯೂ ಸೇನೆಯಲ್ಲಿದ್ರೇನಮ್ಮ?" ಎಂದು ಹೊರಡುವಾಗ ಕೇಳಿದೆ.

"ಇಲ್ಲ ಸರ್. ದಾಬಸ್‌ಪೇಟೆ ಫ್ಯಾಕ್ಟ್ರೀಲಿ ಲಾರಿಗೆ ಲೋಡ್ ಮಾಡ್ತಾರೆ. ಅವ್ರಿಗೂ ಕಚೇರಿಗಳಲ್ಲಿ ಯಾರೂ ಕುರ್ಚಿ ಕೊಡಲ್ಲ."

ಅಲ್ಲಿಂದ ಮುಂದೆ ಕಾಯುವ ಕೆಲಸ. ಏಳು ವಾರ. ಶ್ರಾವಣ ಮುಗಿಯಿತು, ಗಣೇಶ ಬಂದು ಹೋದ, ಮಳೆ ಬಿಟ್ಟೂ ಬಿಡದೆ ಹಿಡಿಯಿತು. ಹತ್ತು ದಿನಕ್ಕೊಮ್ಮೆ ನಾನು ಬಸ್ಸು ಹತ್ತಿ ಹೋಗುತ್ತಿದ್ದೆ. ಆ ಬೆಂಚಿನ ಮೇಲೆ ನನ್ನಂಥವರು ಎಷ್ಟೋ ಮಂದಿ ಸಿಕ್ಕರು. ಎದೆಯ ಮೇಲೆ ಪದಕ ಹೊತ್ತವರಿಗೂ ತಮಗೆ ಏನೇನು ಸಲ್ಲಬೇಕೆಂಬುದು ಗೊತ್ತಿರಲಿಲ್ಲ. ಮಾಜಿ ಸೈನಿಕರ ಆಸ್ಪತ್ರೆ ಕಾರ್ಡಿನಲ್ಲಿ ಹೆಂಡತಿಯ ಹೆಸರು ಸೇರಿಸದವರಿದ್ದರು. ಗುರುತಿನ ಚೀಟಿಯೇ ಮಾಡಿಸದ ಒಬ್ಬರಿದ್ದರು. ಹೊಸಕೋಟೆ ಕಡೆಯವರು, ಒಂದು ಕಿವಿ ಪೂರ್ತಿ ಕೇಳಿಸದು. ಶ್ರವಣಯಂತ್ರಕ್ಕೆ ಅರ್ಜಿ ಹಾಕಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳಿಸುತ್ತಿರಲಿಲ್ಲ ಎಂದು ಅವರೇ ನಕ್ಕರು. ಶೈಲಜಾ ಬೇರೆಯವರ ಕೆಲಸದಲ್ಲಿದ್ದಾಗ ನಾನು ಆ ಹೊಸಕೋಟೆಯವರ ಅರ್ಜಿ ತುಂಬಿದೆ. ಶಾಲು ಹೊದಿಸುವವರು ಊರೂರಿಗೂ ಇದ್ದಾರೆ; ಅರ್ಜಿಯ ನಾಲ್ಕನೆಯ ಕಲಮಿನಲ್ಲಿ ಏನು ಬರೆಯಬೇಕೆಂದು ಪಕ್ಕದಲ್ಲಿ ಕೂತು ಹೇಳುವವರು ಕಡಿಮೆ. ಇದನ್ನು ಓದುವವರ ಮನೆಯಲ್ಲಿ ಯಾರಿಗಾದರೂ ಪದಕ ಬಂದಿದ್ದರೆ ದಯವಿಟ್ಟು ಮೂರು ಕೆಲಸ ಮಾಡಿ. ಪ್ರಮಾಣಪತ್ರದ ಪ್ರತಿ ತೆಗೆಸಿ ಬೇರೆ ಬೇರೆ ಕಡೆ ಇಡಿ. ಪದಕದ ಅಂಚಿನ ಬರಹವನ್ನು ಓದಿ ಬರೆದುಕೊಳ್ಳಿ. ಅದನ್ನು ಒಣಬಟ್ಟೆಯಲ್ಲಿ ಮಾತ್ರ ಒರೆಸಿ.

ಪಟ್ಟಿ ಮುಚ್ಚಲು ಎರಡು ದಿನ ಇದ್ದಾಗ ಫೋನು ಬಂತು. "ಸರ್, ಬಂದಿದೆ. ನಾಳೆ ಬನ್ನಿ. ಅಮ್ಮನ್ನೂ ಕರ್ಕೊಂಡು ಬನ್ನಿ."

"ಅವಳು ಯಾಕಮ್ಮ?"

"ಕರ್ಕೊಂಡು ಬನ್ನಿ ಸರ್."

ಲಲಿತಮ್ಮ ಮದುವೆ ಮನೆಗೆ ಹೊರಡುವಂತೆ ಸೀರೆ ಉಟ್ಟು ಬಂದಳು. ಶೈಲಜಾ ಇಬ್ಬರನ್ನೂ ಕೂರಿಸಿ ಲಕೋಟೆಯಿಂದ ಎರಡು ಹಾಳೆ ತೆಗೆದರು. ಮೊದಲನೆಯದು ದೃಢೀಕರಣ: ಈ ಸಂಖ್ಯೆಯ ಈ ಸೈನಿಕನಿಗೆ ಈ ಪದಕ ಕೊಟ್ಟದ್ದು ನಿಜ. ನನಗೆ ಅಷ್ಟು ಸಾಕಿತ್ತು. ಎದ್ದೆ.

"ಎರಡನೇದು ಅಮ್ಮನಿಗೆ ಸರ್" ಎಂದು ಆಕೆ ನನ್ನನ್ನು ತಡೆದರು. ಪದಕವನ್ನು ಏಕೆ ಕೊಡಲಾಯಿತು ಎಂಬ ವಿವರ ಅದು; ಇಂಗ್ಲಿಷಿನಲ್ಲಿತ್ತು. ಆಕೆ ಒಂದೊಂದು ವಾಕ್ಯವನ್ನು ಮನಸ್ಸಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದರು. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ತಲೆಯ ಮೇಲೆ ವಿಮಾನ ಹಾದಾಗಲೆಲ್ಲ ಮಾತು ನಿಲ್ಲಿಸಿ, ಸದ್ದು ದೂರವಾದ ಮೇಲೆ ಮುಂದುವರಿಸುತ್ತಿದ್ದರು. ಬಾಂಬು ಹೂತಿದ್ದ ಹೊಲದಲ್ಲಿ ನಮ್ಮ ತುಕಡಿಯ ಇಬ್ಬರು ಗಾಯಗೊಂಡು ಬಿದ್ದದ್ದು. ಎದುರಿನಿಂದ ಗುಂಡು ಬರುತ್ತಿದ್ದದ್ದು. ಈ ಸೈನಿಕ ತೆವಳಿಕೊಂಡು ಹೋಗಿ ಒಬ್ಬನನ್ನು ಎಳೆದು ತಂದದ್ದು. ಮತ್ತೆ ಹೋಗಬೇಡ ಎಂದು ಮೇಲಿನವರು ಹೇಳಿದ್ದು. ಯಾರ ಆದೇಶವೂ ಇಲ್ಲದೆ ತಿರುಗಿ ಹೋಗಿ ಎರಡನೆಯವನನ್ನು ಬೆನ್ನ ಮೇಲೆ ಹಾಕಿಕೊಂಡು ಬಂದದ್ದು. ಬರುವಾಗ ಎಡಪಾದದ ಕೆಳಗೆ ನೆಲ ಸಿಡಿದದ್ದು. ಸಿಡಿದ ಮೇಲೂ ಅವನನ್ನು ಕೆಳಗೆ ಬಿಡದೆ ಇದ್ದದ್ದು.

ಇದೊಂದನ್ನೂ ಲಲಿತಮ್ಮನಿಗೆ ನಾನು ಹೇಳಿರಲಿಲ್ಲ. ಕಾಲಿಗೆ ಪೆಟ್ಟಾಯಿತು, ಅದಕ್ಕೆ ಪದಕ ಕೊಟ್ಟರು ಎಂದಷ್ಟೇ ಹೇಳಿದ್ದೆ. ಅಷ್ಟಕ್ಕೇ ಅವಳು ನಾಲ್ಕು ದಶಕ ಕುಂಕುಮ ಇಟ್ಟಿದ್ದಳು.

ಅವಳು ನನ್ನ ಕಡೆ ತಿರುಗಿದಳು. "ಆವಾಗ ನಮ್ಮ ಮದುವೆ ಆಗಿ ಆರು ತಿಂಗಳು."

"ಹೂಂ."

"ಎರಡನೇ ಸಲ ಹೋಗೋವಾಗ ನನ್ನ ಜ್ಞಾಪಕ ಬರ್ಲಿಲ್ವಾ ನಿಮಗೆ?"

"ಬಂದಿತ್ತು. ಅದಕ್ಕೇ ಹೇಳ್ಲಿಲ್ಲ."

ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಶೈಲಜಾ ಎದ್ದು ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ, ಯಾವುದೋ ಕಡತ ಹುಡುಕುವಂತೆ ನಿಂತರು. ಆ ಬೆನ್ನಿಗೂ ನಾನು ಋಣಿ.

ಕಲ್ಲಿನ ವಿಷಯ ಇಷ್ಟೇ: ಡಿಸೆಂಬರಿನಲ್ಲಿ ಅದು ನಿಂತಿತು, ನನ್ನ ಹೆಸರು ಐದನೆಯ ಸಾಲಿನಲ್ಲಿದೆ. ಕಾರ್ಯದರ್ಶಿಯವರು ಅಂದು ಎಲ್ಲರ ಮುಂದೆ ನನ್ನ ಕೈ ಕುಲುಕಿದರು, ಆದರೆ ತಪ್ಪಾಯಿತು ಎನ್ನಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯದೆ ಬಿಟ್ಟದ್ದೇ ಅವರಿಗೆ ನಾನು ತೋರುವ ಸೌಜನ್ಯ.

ನನಗೆ ಹೆಚ್ಚು ನೆನಪಿರುವುದು ಕಾಗದ ಸಿಕ್ಕ ದಿನದ ಬಸ್ಸು. ದೊಡ್ಡಬಳ್ಳಾಪುರಕ್ಕೆ ಮರಳುವಾಗ ಲಲಿತಮ್ಮನಿಗೆ ಹೆಂಗಸರ ಸೀಟಿನಲ್ಲಿ ಜಾಗ ಸಿಕ್ಕಿತು. ನಾನು ಹಿಂದಿನ ಸೀಟಿನಲ್ಲಿದ್ದೆ. ಲಕೋಟೆಯನ್ನು ತೊಡೆಯ ಮೇಲಿಟ್ಟು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡ, ನಮಗೆ ಪರಿಚಯವಿಲ್ಲದ ಹೆಂಗಸು.

"ಏನಕ್ಕ ಅದು, ಜಮೀನಿನ ಕಾಗದವಾ?" ಎಂದು ಆಕೆ ಕೇಳಿದಳು.

"ಅಲ್ಲಮ್ಮ. ನಮ್ಮ ಯಜಮಾನ್ರದು" ಎಂದು ಲಲಿತಮ್ಮ ಶುರುಮಾಡಿದಳು. ಬಾಂಬಿನ ಹೊಲದಿಂದ ಆರಂಭಿಸಿ ಒಂದನ್ನೂ ಬಿಡದೆ ಹೇಳಿದಳು. ಮಳೆಗೆ ಕಿಟಕಿಗಳನ್ನು ಮುಚ್ಚಿದ್ದರಿಂದ ಅರ್ಧ ಬಸ್ಸಿಗೆ ಕೇಳಿಸುತ್ತಿತ್ತು. ನಾನು ತೆವಳಿದ ದೂರ ಅವಳ ಮಾತಿನಲ್ಲಿ ಎರಡರಷ್ಟಾಯಿತು. ನಾನು ಹೊತ್ತು ತಂದವರು ಮೂವರಾದರು.

"ಮೂರು ಜನಾನಾ?" ಎಂದು ಸೊಪ್ಪಿನವಳು ಹಿಂತಿರುಗಿ ನನ್ನನ್ನು ನೋಡಿದಳು. "ಇವ್ರೇನಾ?"

"ಇವ್ರೇ" ಎಂದಳು ಲಲಿತಮ್ಮ.

ಇಬ್ಬರು ಎಂದು ತಿದ್ದಲು ಬಾಯಿ ತೆರೆದೆ. ಲಲಿತಮ್ಮ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ಕೇಳಿದವಳಿಗೆ ಹೌದೆಂದು ತಲೆಯಾಡಿಸಿದೆ.